ಹಾರ್ಮೋನು ಅಲ್ಲ, ಹಾರ್ಮೋನಿನ ಹಿಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಲೆಸ್ಟ್ರಾಲ್ ಅಂದ ಕೂಡಲೇ ನೆನಪಾಗುವುದು ಹೃದಯ, ರಕ್ತದ ರಿಪೋರ್ಟು, ಕರಿದದ್ದು ಬಿಡಿ ಅನ್ನುವ ಡಾಕ್ಟರು. ಇವತ್ತು ನಾನು ಅದೇ ಕೊಲೆಸ್ಟ್ರಾಲ್ ಪರವಾಗಿ ನಾಲ್ಕು ಮಾತು ಹೇಳಬೇಕು.

ನಮ್ಮ ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಗ್ರಂಥಿ ಕೂತಿದೆ. ಅದೇ ಅಡ್ರಿನಲ್. ತೂಕ ನಾಲ್ಕೈದು ಗ್ರಾಂ, ಅಷ್ಟೇ. ಕೊಯ್ದು ನೋಡಿದರೆ ಹೊರಪದರ ಹಳದಿ, ಒಳಗಡೆ ಕಂದು. ಹೊರಗಿನ ಹಳದಿ ಬಣ್ಣ ಕೊಬ್ಬಿನದು, ಅದರಲ್ಲಿ ಹೆಚ್ಚಿನ ಪಾಲು ಕೊಲೆಸ್ಟ್ರಾಲ್. ಸ್ಲೈಡ್ ಮಾಡುವಾಗ ಈ ಕೊಬ್ಬೆಲ್ಲ ಕರಗಿಹೋಗುತ್ತದೆ. ಹಾಗಾಗಿ ಮೈಕ್ರೋಸ್ಕೋಪಿನಲ್ಲಿ ಆ ಜೀವಕೋಶಗಳು ತೂತು ತೂತಾಗಿ ಕಾಣುತ್ತವೆ. ಒಂದೊಂದು ತೂತೂ ಕೊಲೆಸ್ಟ್ರಾಲ್ ಹನಿ ಕೂತಿದ್ದ ಜಾಗ.

ಯಾಕಿಷ್ಟು ಕೂಡಿಟ್ಟುಕೊಂಡಿದೆ? ದಯವಿಟ್ಟು ಇದೊಂದನ್ನು ಗಮನವಿಟ್ಟು ಕೇಳಿ. ಒತ್ತಡ ಬಂದಾಗ ನಮ್ಮನ್ನು ಕಾಯುವ ಹಾರ್ಮೋನು ಕಾರ್ಟಿಸಾಲ್. ಈ ಗ್ರಂಥಿ ಕಾರ್ಟಿಸಾಲನ್ನು ಕೂಡಿಡುವುದಿಲ್ಲ, ಕೂಡಿಡುವುದು ಕೊಲೆಸ್ಟ್ರಾಲನ್ನು. ದೋಸೆ ಹುಯ್ದು ಪೇರಿಸಿಟ್ಟುಕೊಂಡು ಯಾರೂ ನೆಂಟರನ್ನು ಕಾಯುವುದಿಲ್ಲ. ಹಿಟ್ಟು ರುಬ್ಬಿಟ್ಟುಕೊಂಡಿರುತ್ತೇವೆ, ಬಂದ ಹಾಗೆ ಬಿಸಿಬಿಸಿ ಹುಯ್ದು ಕೊಡುತ್ತೇವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬರುತ್ತದೆ, ಕೊಬ್ಬಿನ ಹನಿಗಳಿಂದ ಕೊಲೆಸ್ಟ್ರಾಲ್ ಬಿಡುಗಡೆಯಾಗುತ್ತದೆ, ಅದರಿಂದಲೇ ಕಾರ್ಟಿಸಾಲ್ ತಯಾರಾಗುತ್ತದೆ, ನಿಮಿಷಗಳಲ್ಲಿ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ.

ಇದರ ಹಿಂದೆ ಒಂದು ಕಥೆ ಇದೆ, ನನಗೆ ಎಷ್ಟು ಹೇಳಿದರೂ ಸಾಲದು. 1930ರ ದಶಕ, ಕೆನಡಾದ ಮಾಂಟ್ರಿಯಲ್ ನಗರ. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಸೆಲ್ಯೆ ಎಂಬ ಯುವಕ ಹೊಸ ಹಾರ್ಮೋನು ಹುಡುಕುತ್ತಿದ್ದ. ಅಂಡಾಶಯದ ಸಾರ ತೆಗೆದು ಇಲಿಗಳಿಗೆ ಚುಚ್ಚಿದ. ಕೊಯ್ದು ನೋಡಿದರೆ ಅಡ್ರಿನಲ್ ಊದಿಕೊಂಡಿದೆ, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿದೆ, ಹೊಟ್ಟೆಯಲ್ಲಿ ಹುಣ್ಣು. ಹಾರ್ಮೋನು ಸಿಕ್ಕಿತೆಂದು ಕುಣಿದಾಡಿದ. ಬೇರೆ ಅಂಗಗಳ ಸಾರ ಚುಚ್ಚಿದ, ಅದೇ ಫಲ! ಅನುಮಾನ ಬಂದು, ಹೆಣ ಕೆಡದಂತೆ ಇಡುವ ಫಾರ್ಮಲಿನ್ ಚುಚ್ಚಿದ. ಮತ್ತೆ ಅದೇ ಫಲ. ಪಾಪ, ಹಾರ್ಮೋನಿನ ಕನಸು ಅಲ್ಲಿಗೆ ಮುಗಿಯಿತು. ಆದರೆ ಆತ ಬಿಡಲಿಲ್ಲ. ಏನೇ ಕೆಡುಕಾದರೂ ಮೈ ಒಂದೇ ಥರ ಯಾಕೆ ಪ್ರತಿಕ್ರಿಯಿಸುತ್ತದೆ ಎಂದು ಕೇಳಿಕೊಂಡ. ಇಲಿಗಳನ್ನು ಚಳಿಯಲ್ಲಿಟ್ಟ, ಸುಸ್ತಾಗುವವರೆಗೆ ಓಡಿಸಿದ. 1936ರ ಜುಲೈಯಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ. ಅದರಲ್ಲಿ ಎಲ್ಲರೂ ಹುಣ್ಣಿನ ಬಗ್ಗೆ ಓದುತ್ತಾರೆ, ನನ್ನ ಕಣ್ಣು ಹೋಗುವುದು ಇನ್ನೊಂದು ಸಾಲಿಗೆ. ಪೆಟ್ಟು ಬಿದ್ದ ಮೊದಲಿಗೆ ಅಡ್ರಿನಲ್ ಹೊರಪದರದ ಕೊಬ್ಬು ಖಾಲಿ, ಸುಮಾರು 48 ಗಂಟೆ ಕಳೆದ ಮೇಲೆ ಗ್ರಂಥಿ ದೊಡ್ಡದಾಗಿ ಕೊಬ್ಬು ಮತ್ತೆ ತುಂಬಿಕೊಳ್ಳುತ್ತದೆ. ಖರ್ಚಾಯಿತು, ಮತ್ತೆ ತುಂಬಿತು! ಖರ್ಚಾದದ್ದು ಹಿಟ್ಟು, ಕೇಳುಗರೇ.

ಹಿಟ್ಟಿದ್ದರೆ ಸಾಲದು, ಕಾವಲಿಗೆ ಹೋಗಬೇಕು. ಕೊಲೆಸ್ಟ್ರಾಲನ್ನು ಮೈಟೊಕಾಂಡ್ರಿಯ ಎಂಬ, ಜೀವಕೋಶದೊಳಗಿನ ಪುಟ್ಟ ಕಾರ್ಖಾನೆಯ ಒಳಕ್ಕೆ ದಾಟಿಸಲು ‘ಸ್ಟಾರ್’ ಎಂಬ ಪ್ರೋಟೀನು ಬೇಕು. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಅದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಗ್ರಂಥಿ ಕೊಲೆಸ್ಟ್ರಾಲಿನಿಂದ ಬಿರಿಯುವಷ್ಟು ತುಂಬಿರುತ್ತದೆ, ಕಾರ್ಟಿಸಾಲ್ ಮಾತ್ರ ಇಲ್ಲ. ಹೊರಗಿನಿಂದ ಹಾರ್ಮೋನು ಕೊಡದಿದ್ದರೆ ಮಗು ಉಳಿಯುವುದಿಲ್ಲ.

ಸಮಯ ಮುಗೀತಾ ಬಂತು ಅಂತ ಗಾಜಿನ ಆ ಕಡೆಯಿಂದ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಹಾಗಾದರೆ ತುಪ್ಪ ಜಾಸ್ತಿ ತಿನ್ನಬಹುದಾ ಎಂದು ಕೇಳಬೇಡಿ. ಗ್ರಂಥಿ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ, ಸಾಲದಿದ್ದರೆ ತಾನೇ ತಯಾರಿಸಿಕೊಳ್ಳುತ್ತದೆ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ‘ಅಡ್ರಿನಲ್ ಸುಸ್ತು’ ಎಂದು ಹೇಳಿ ಪುಡಿ ಮಾರುವವರಿಗೆ ದುಡ್ಡು ಕೊಡಬೇಡಿ, ವೈದ್ಯಶಾಸ್ತ್ರದಲ್ಲಿ ಅಂಥ ಕಾಯಿಲೆಯೇ ಇಲ್ಲ.

ಕೊನೆಯದು, ಮುಖ್ಯವಾದದ್ದು. ಮಂಡಿನೋವಿಗೆ, ದಮ್ಮಿಗೆ, ಚರ್ಮಕ್ಕೆ ಅಂತ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ. ಆ ಮಾತ್ರೆಯೂ ಕಾರ್ಟಿಸಾಲಿನ ಥರದ್ದೇ. ಹಾರ್ಮೋನು ಹೊರಗಿನಿಂದಲೇ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಅಡ್ರಿನಲ್ಲಿನ ಹೊರಪದರ ಕುಗ್ಗಿಹೋಗುತ್ತದೆ. ಆಗ ನೀವು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿಬಿಟ್ಟರೆ ವಾಂತಿ, ತಲೆಸುತ್ತು, ಬಿಪಿ ಕುಸಿತ. ಪ್ರಾಣಕ್ಕೇ ಸಂಚಕಾರ. ಅದನ್ನು ಡಾಕ್ಟರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿಯೇ ಇಳಿಸಬೇಕು. ಹಲ್ಲು ಕೀಳಿಸಲು ಹೋದರೂ, ಆಪರೇಷನ್‌ಗೆ ಹೋದರೂ ‘ನಾನು ಸ್ಟೀರಾಯ್ಡ್ ತಗೊಳ್ತಿದ್ದೆ’ ಅಂತ ಮೊದಲೇ ಹೇಳಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನಾದರೂ ಜೊತೆಗೆ ಒಯ್ಯಿರಿ.

ನಮಸ್ಕಾರ.