ಹೆಣದ ಭಾರ ನೋಡಿ

ಕೇಳುಗರಿಗೆ ನಮಸ್ಕಾರ. ಮೂವತ್ತು ವರ್ಷ ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸಿದವನು ನಾನು. ಇಟಲಿಯ ಹಳೆಯ ಕಲಾವಿದರು ಸಾವನ್ನು ಸರಿಯಾಗಿ ಬಿಡಿಸಿದ್ದಾರಾ ಅಂತ ಜನ ಕೇಳುತ್ತಾರೆ. ಕೇಳಿದವರ ಕಣ್ಣು ಹೋಗುವುದು ಮಾತ್ರ ರಕ್ತದ ಕಡೆಗೆ. ರಕ್ತ ಬಿಡಿ ಸ್ವಾಮಿ, ಭಾರ ನೋಡಿ! ಎಚ್ಚರವಿರುವ ಮಗುವನ್ನು ಎತ್ತಿಕೊಳ್ಳಿ. ಅದೇ ಮಗುವನ್ನು ನಿದ್ದೆ ಹೋದ ಮೇಲೆ ಎತ್ತಿಕೊಳ್ಳಿ. ಎರಡನೇ ಸಲ ಭಾರ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಮಗು ನಿಮ್ಮನ್ನು ಹಿಡಿದುಕೊಳ್ಳುವುದನ್ನು ಬಿಟ್ಟಿದೆ, ಅಷ್ಟೇ. ಹೆಣವೂ ಹಾಗೆಯೇ.

ಒಂದು ಕಥೆ ಹೇಳಲೇಬೇಕು. 1801, ಲಂಡನ್. ಶಿಲ್ಪಿ ಥಾಮಸ್ ಬ್ಯಾಂಕ್ಸ್, ಚಿತ್ರಕಾರರಾದ ಬೆಂಜಮಿನ್ ವೆಸ್ಟ್ ಮತ್ತು ರಿಚರ್ಡ್ ಕಾಸ್ವೇ. ಶಿಲುಬೆಗೇರಿದ ಯೇಸುವಿನ ಚಿತ್ರಗಳಲ್ಲಿ ಹೆಚ್ಚಿನವು ತಪ್ಪು ಅಂತ ಈ ಮೂವರ ವಾದ. ಸುಮ್ನೆ ವಾದ ಮಾಡುತ್ತಾ ಕೂರಲಿಲ್ಲ. ಕಾರ್ಪ್ಯೂ ಎಂಬ ಸರ್ಜನ್ ಹತ್ತಿರ ಹೋದರು. ಆಗ ಜೇಮ್ಸ್ ಲೆಗ್ ಎಂಬ ಮುದಿ ಸೈನಿಕನಿಗೆ ಕೊಲೆ ಮಾಡಿದ್ದಕ್ಕೆ ಗಲ್ಲಾಯಿತು. ಮೈ ಇನ್ನೂ ಬೆಚ್ಚಗಿರುವಾಗಲೇ ಹೆಣವನ್ನು ಶಿಲುಬೆಗೆ ಮೊಳೆ ಹೊಡೆದು ಎತ್ತಿ ನಿಲ್ಲಿಸಿದರು. ಹೆಣ ತನ್ನ ಭಾರಕ್ಕೆ ತಾನೇ ಜಗ್ಗಿತು. ತಣ್ಣಗಾದ ಮೇಲೆ ಬ್ಯಾಂಕ್ಸ್ ಅದರ ಪ್ಲಾಸ್ಟರ್ ಅಚ್ಚು ತೆಗೆದ. ಆಮೇಲೆ ಚರ್ಮ ಸುಲಿದು ಇನ್ನೊಂದು ಅಚ್ಚು. ಊಟ ಮಾಡುತ್ತಾ ಕೇಳುತ್ತಿರುವವರು ಕ್ಷಮಿಸಿ. ಆ ಸುಲಿದ ಅಚ್ಚು ಇವತ್ತಿಗೂ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿದೆ. ತಲೆ ಬಿದ್ದಿದೆ, ತೋಳು ಎಳೆದಿವೆ. ಇದನ್ನು ನೋಡಿದ ಮೇಲೆ, ಶಿಲುಬೆಯ ಮೇಲೆ ನೆಟ್ಟಗೆ ನಿಂತಂತಿರುವ ಯೇಸುವನ್ನು ಕಂಡರೆ ನನಗೆ ತಾಳ್ಮೆಯೇ ಇರುವುದಿಲ್ಲ.

ಹಾಗಂತ ಹಳಬರೆಲ್ಲ ದಡ್ಡರಲ್ಲ. ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಆಲ್ಬೆರ್ಟಿ 1435ರಲ್ಲೇ ಹೇಳಿದ್ದಾನೆ: ಸತ್ತವನ ಒಂದೊಂದು ಅಂಗವೂ ಸತ್ತಂತೆ ಕಾಣಬೇಕು. ಲಿಯೊನಾರ್ಡೊ, ಮೈಕೆಲ್ಯಾಂಜೆಲೊ ಇಬ್ಬರೂ ಹೆಣ ಕೊಯ್ದು ಕಲಿತವರು. ರಾಫೆಲ್ 1507ರಲ್ಲಿ ಬಿಡಿಸಿದ ಚಿತ್ರ ರೋಮ್‌ನ ಬೋರ್ಗೆಸೆ ಗ್ಯಾಲರಿಯಲ್ಲಿದೆ. ಯೇಸುವಿನ ಹೆಣವನ್ನು ಹೊತ್ತು ಸಾಗಿಸುತ್ತಿದ್ದಾರೆ. ಯೇಸುವಿನ ಮುಖ ಆಮೇಲೆ ನೋಡಿ, ಮೊದಲು ಹೊತ್ತವನನ್ನು ನೋಡಿ. ಹುಡುಗ ಹೇಗೆ ಹಿಂದಕ್ಕೆ ವಾಲಿದ್ದಾನೆ! ಭಾರ ಅಂದರೆ ಅದು.

ಜರ್ಮನ್ ಚಿತ್ರಕಾರ ಹೋಲ್ಬೈನ್ ಬಗ್ಗೆ ವಿವರವಾಗಿ ಹೇಳಬೇಕು ಅಂದುಕೊಂಡಿದ್ದೆ, ಲೆಗ್ ಕಥೆಯೇ ಹೊತ್ತನ್ನೆಲ್ಲ ತಿಂದಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅವನು ಬಿಡಿಸಿದ ಸತ್ತ ಯೇಸುವಿನ ಚಿತ್ರವಿದೆ, 2 ಮೀಟರ್ ಉದ್ದ, ಎತ್ತರ ಬರೀ 30 ಸೆಂಟಿಮೀಟರ್. ಒಳಗೆ ಬಾಯಿ ತೆರೆದುಕೊಂಡು ಮಲಗಿರುವ ಒಂದು ಹೆಣ. ಹೊರುವವರು ಯಾರೂ ಇಲ್ಲ. ನಮಸ್ಕಾರ.