ಗಷ್ಟಿನ ಮೇಲೆ ಮಲಗಿದ್ದ ವೈನ್

ಶನಿವಾರ ಬೆಳಗ್ಗೆ ಹತ್ತೂವರೆ. ಪಶ್ಚಿಮ ಫ್ರಾನ್ಸಿನ ನಾಂತ್ ನಗರ, ತಲಾನ್ಸಾಕ್ ಮಾರುಕಟ್ಟೆ. ಚಿತ್ರ ಅಲುಗಾಡುತ್ತಿದ್ದರೆ ಬೈಯಬೇಡಿ, ನನ್ನ ಒಂದು ಕೈಯಲ್ಲಿ ಗ್ಲಾಸಿದೆ.

ಈ ಅಂಗಡಿಯವರು ಸಿಂಪಿ ಬಿಡಿಸುವುದನ್ನು ನೋಡಿ. ಎಡಗೈಯಲ್ಲಿ ಮಡಚಿದ ದಪ್ಪ ಬಟ್ಟೆ, ಬಲಗೈಯಲ್ಲಿ ಗಿಡ್ಡ ಚಾಕು. ಚಿಪ್ಪಿನ ಸಂದಿಗೆ ಅದರ ತುದಿ ತೂರಿಸಿ ಒಂದಿಷ್ಟು ತಿರುಗಿಸುತ್ತಾರೆ, ಟಕ್. ಒಳಗಿದ್ದ ನೀರನ್ನು ಚೆಲ್ಲಿಬಿಟ್ಟರು. ಗಾಬರಿಯಾಗಬೇಡಿ, ಸ್ವಲ್ಪ ಹೊತ್ತಿನಲ್ಲಿ ಸಿಂಪಿ ಮತ್ತೆ ನೀರು ಬಿಡುತ್ತದೆ, ರುಚಿ ಇರುವುದು ಆ ಎರಡನೆಯ ನೀರಿನಲ್ಲಿ. ನಾನು ಹೊನ್ನಾವರದ ಕಡೆಯವಳು, ಚಿಪ್ಪು ಹೊಸದಲ್ಲ. ಹಸಿಯಾಗಿ ತಿನ್ನುವುದು ಹೊಸದು. ಮೊದಲ ಸಲ ಕಣ್ಣುಮುಚ್ಚಿ ನುಂಗಿದ್ದೆ.

ಗ್ಲಾಸಿನಲ್ಲಿರುವುದು ಮುಸ್ಕಾದೆ, ಈ ಊರಿನ ಬಿಳಿ ವೈನ್. ಮಸ್ಕತ್ ದ್ರಾಕ್ಷಿಯ ಗಮಗಮ ಪರಿಮಳ ಬರುತ್ತದೆಂದು ಹೆಸರು ಕೇಳಿ ಮೋಸಹೋಗಬೇಡಿ, ಅದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದರ ದ್ರಾಕ್ಷಿ ಮೆಲೋನ್ ದ ಬೂರ್ಗೋನ್. ಮೂಲ ಫ್ರಾನ್ಸಿನದೇ ಬರ್ಗಂಡಿ ಸೀಮೆ, ಆದರೆ ಅಲ್ಲಿ ಈಗ ಇದನ್ನು ಕೇಳುವವರು ತೀರ ಕಡಿಮೆ. 1709ರ ಚಳಿಗಾಲದಲ್ಲಿ ಹಿಮ ಬಿದ್ದು ಈ ಸೀಮೆಯ ಬಳ್ಳಿಗಳು ಸತ್ತುಹೋದವು. ಮರುನಾಟಿಗೆ ಚಳಿ ತಡೆಯುವ ತಳಿ ಬೇಕಿತ್ತು, ಮೆಲೋನ್ ಊರೆಲ್ಲ ಹಬ್ಬಿತು.

ನಿಜ ಹೇಳುತ್ತೇನೆ, ಮೊದಲ ಗುಟುಕಿಗೆ ನನಗೆ ಏನೂ ಅನ್ನಿಸಿರಲಿಲ್ಲ. ನೀರಿಗೆ ನಿಂಬೆಹಣ್ಣು ತೋರಿಸಿದಂತಿದೆ ಎಂದು ಗೆಳತಿಯ ಬಳಿ ನಕ್ಕಿದ್ದೆ. ಒಂದು ಸಿಂಪಿ ತಿಂದು ಮತ್ತೆ ಕುಡಿದಾಗ ನಗು ನಿಂತಿತು. ಹಸಿರು ಸೇಬಿನ ಹುಳಿ, ನಿಂಬೆಸಿಪ್ಪೆಯ ಸಣ್ಣ ಕಹಿ, ಕೊನೆಯಲ್ಲಿ ಒಂದೆಳೆ ಉಪ್ಪು.

ಲೇಬಲ್ಲನ್ನು ಹತ್ತಿರದಿಂದ ತೋರಿಸುತ್ತೇನೆ. 'ಸ್ಯುರ್ ಲೀ' ಎಂದಿದೆಯಲ್ಲ, ಅಂದರೆ ಗಷ್ಟಿನ ಮೇಲೆ. ಹುದುಗು ಬಂದ ಮೇಲೆ ತಳದಲ್ಲಿ ಕೂರುವ ಯೀಸ್ಟನ್ನು ಇವರು ತೆಗೆಯುವುದಿಲ್ಲ. ಚಳಿಗಾಲವಿಡೀ ವೈನು ಅದರ ಮೇಲೆಯೇ ಇರುತ್ತದೆ. ಮರುವರ್ಷದ ಮಾರ್ಚ್ 1ಕ್ಕೆ ಮೊದಲು ಬಾಟಲಿಗೆ ತುಂಬುವಂತಿಲ್ಲ. ಕಾಫಿಯ ಗಷ್ಟನ್ನು ಗಿಡದ ಬುಡಕ್ಕೆ ಸುರಿಯುವ ನಮಗೆ ಇದು ವಿಚಿತ್ರ. ಆದರೆ ತೆಳ್ಳನೆಯ ಈ ವೈನಿಗೆ ಮೈ ಬರುವುದು ಅದರಿಂದಲೇ, ನಾದಿಟ್ಟ ಬ್ರೆಡ್ ಹಿಟ್ಟಿನ ವಾಸನೆಯೂ. ನಾಲಗೆಯ ತುದಿ ಚುರುಗುಟ್ಟಿದರೆ ಅದು ಒಳಗೆ ಉಳಿದ ಅನಿಲ, ಹಾಳಾದದ್ದಲ್ಲ.

ಕ್ಲಿಸೋನ್, ಗೋರ್ಜ್ ಎಂಬ ಊರುಗಳ ಹೆಸರು ಹೊತ್ತ ಬಾಟಲಿಗಳೂ ಇವೆ, 2011ರಲ್ಲಿ ಮಾನ್ಯತೆ ಪಡೆದವು. ಅವು ಕನಿಷ್ಠ ಎರಡು ವರ್ಷ ಗಷ್ಟಿನ ಮೇಲಿರುತ್ತವೆ. ಗಂಭೀರ ವೈನುಗಳು, ಒಪ್ಪುತ್ತೇನೆ. ಸಿಂಪಿಯ ತಟ್ಟೆಗೆ ಮಾತ್ರ ನನಗೆ ಈ ಸಾದಾ ಬಾಟಲಿಯೇ ಇಷ್ಟ.

ಇದಕ್ಕೆ ಇನ್ನೇನು ಹೊಂದುತ್ತದೆ? ಸುಟ್ಟ ಸಾರ್ಡೀನ್, ಅಂದರೆ ನಮ್ಮ ಬೈಗೆ ಮೀನಿನ ಬಳಗ. ಇದೇ ಸೀಮೆಯ ಬ್ಯೂರ್ ಬ್ಲಾನ್ ಹಾಕಿದ ನದಿಮೀನು: ಸಣ್ಣ ಈರುಳ್ಳಿಯನ್ನು ವಿನೆಗರ್, ವೈನಿನಲ್ಲಿ ಬತ್ತಿಸಿ, ತಣ್ಣನೆಯ ಬೆಣ್ಣೆಯನ್ನು ತುಂಡುತುಂಡಾಗಿ ಕಡೆದ ಸಾಸು ಅದು. ಬೆಣ್ಣೆಯ ಜಿಡ್ಡನ್ನು ಪ್ರತಿ ಗುಟುಕೂ ಒರೆಸಿಬಿಡುತ್ತದೆ. ನಾನೊಮ್ಮೆ ಬಂಗಡೆ ಸಾರಿನ ಜೊತೆ ಪ್ರಯತ್ನಿಸಿದೆ. ಮೆಣಸಿನ ಎದುರು ವೈನು ಪತ್ತೆಯಿಲ್ಲದೆ ಹೋಯಿತು. ರವೆ ಹಚ್ಚಿ ಹುರಿದ, ಖಾರ ಕಡಿಮೆಯ ಕಾಣೆಯಾದರೆ ಪರವಾಗಿಲ್ಲ. ಮಂಜುಗಡ್ಡೆಯಷ್ಟು ತಣ್ಣಗೆ ಮಾಡಬೇಡಿ, ಹತ್ತು ಡಿಗ್ರಿ ಸಾಕು.

ತಟ್ಟೆಯಲ್ಲಿ ಒಂದೇ ಸಿಂಪಿ ಉಳಿದಿದೆ. ಹಿಂಡಲೆಂದು ನಾನು ನಿಂಬೆಹೋಳು ಎತ್ತಿಕೊಂಡಾಗ ಅಂಗಡಿಯವರ ಮುಖ ನೋಡಿ. ಒಂದು ಮಾತೂ ಆಡದೆ ಹೋಳನ್ನು ನನ್ನ ಕೈಯಿಂದ ತೆಗೆದು ಗ್ಲಾಸನ್ನು ಮುಂದಕ್ಕೆ ತಳ್ಳಿದರು.