ಪಕ್ಕದ ಬೆಂಚಿನ ಹೊಟ್ಟೆಕಿಚ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನವೇ ಊರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಏಳುತ್ತವೆ. ಆರುನೂರಕ್ಕೆ 595, 594 ಅಂತ ಮಕ್ಕಳ ಫೋಟೋ ಸಾಲು. ಆದರೆ ಫ್ಲೆಕ್ಸಿನಲ್ಲಿರುವ ಹುಡುಗಿಯನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಕಡಿಮೆ. ಅವಳು ಯಾರೋ, ಎಲ್ಲಿಯವಳೋ. ಉರಿ ಹತ್ತುವುದು ಪಕ್ಕದ ಬೆಂಚಿನವಳಿಗೆ ನಮಗಿಂತ ಆರು ಮಾರ್ಕ್ಸ್ ಜಾಸ್ತಿ ಬಂದಾಗ. ಒಂದೇ ಡಬ್ಬಿಯ ಚಿತ್ರಾನ್ನ ತಿಂದವಳು, ಒಂದೇ ನೋಟ್ಸ್ ಓದಿದವಳು. ಅವಳಿಗೆ ಆದದ್ದು ನನಗೆ ಯಾಕೆ ಆಗಲಿಲ್ಲ ಅಂದರೆ ಹೇಳಿಕೊಳ್ಳಲು ಒಂದು ನೆಪವೂ ಸಿಗುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಟೆಸ್ಸರ್ ಮತ್ತು ಅವರ ಜೊತೆಗಾರರೊಬ್ಬರು 1980ರಲ್ಲಿ ಇದನ್ನು ಒಂದು ಆಟದ ಮೂಲಕ ನೋಡಿದರು. ಒಬ್ಬರು ಸುಳಿವು ಕೊಡಬೇಕು, ಇನ್ನೊಬ್ಬರು ಪದ ಊಹಿಸಬೇಕು. ಸುಮ್ನೆ ಆಟ ಅಂತ ಹೇಳಿದಾಗ ಜನ ಗೆಳೆಯರಿಗೇ ಸುಲಭದ ಸುಳಿವು ಕೊಟ್ಟರು. ಇದು ನಿಮ್ಮ ಬುದ್ಧಿಯನ್ನು ಅಳೆಯುವ ಪರೀಕ್ಷೆ ಅಂದಾಗ ಲೆಕ್ಕ ತಿರುಗಿತು. ಅಪರಿಚಿತರಿಗಿಂತ ಗೆಳೆಯರಿಗೇ ಕಷ್ಟದ ಸುಳಿವು ಸಿಕ್ಕಿತು. ನಮ್ಮ ಹಾಸ್ಟೆಲ್ಲುಗಳಲ್ಲಿ ಕೇಳಿಬರುವ 'ನಾನೇನೂ ಓದಿಲ್ಲ ಕಣೇ' ಎಂಬ ಸುಳ್ಳೂ ಇದೇ ಜಾತಿಯದು. ಗೆಳತಿ ಸಂಗೀತದಲ್ಲೋ ಕಬಡ್ಡಿಯಲ್ಲೋ ಗೆದ್ದರೆ ನಮಗೆ ಹೆಮ್ಮೆ. ನಾವೇ ಗೆಲ್ಲಬೇಕೆಂದಿದ್ದ ಕಡೆ ಅವಳು ಗೆದ್ದರೆ ಮಾತ್ರ ಸಂಕಟ.

ಸಂಕಟ ಇಷ್ಟಕ್ಕೇ ನಿಂತರೆ ನಾಲ್ಕು ದಿನದಲ್ಲಿ ಆರುತ್ತದೆ. ಹೆಚ್ಚಾಗಿ ನಿಲ್ಲುವುದಿಲ್ಲ. 'ಛೀ, ಪ್ರಾಣಸ್ನೇಹಿತೆಯ ಮೇಲೇ ಕಿಚ್ಚುಪಡುತ್ತೇನಲ್ಲ, ನಾನೆಂಥ ಕೆಟ್ಟವಳು' ಅಂತ ಶುರುವಾಗುತ್ತದೆ. ಮಾರ್ಕ್ಸೂ ಇಲ್ಲ, ಒಳ್ಳೇತನವೂ ಇಲ್ಲ ಅನ್ನಿಸಿ ತನ್ನ ಮೇಲೆ ತನಗೇ ಅಸಹ್ಯ. ನನ್ನ ಮಟ್ಟಿಗೆ ಸ್ನೇಹ ಮುರಿಯುವುದು ಹೊಟ್ಟೆಕಿಚ್ಚಿನಿಂದಲ್ಲ, ಅದನ್ನು ಮುಚ್ಚಿಡುವ ಈ ನಾಚಿಕೆಯಿಂದ. ಕಿಚ್ಚುಪಟ್ಟವಳು ಗೆಳತಿಯ ಮೆಸೇಜ್ ನೋಡಿಯೂ ಉತ್ತರಿಸುವುದಿಲ್ಲ. ಊಟಕ್ಕೆ ಬೇರೆ ಹೊತ್ತಿಗೆ ಹೋಗುತ್ತಾಳೆ. ಇತ್ತ ಗೆಳತಿಗೆ ತಾನೇನು ತಪ್ಪು ಮಾಡಿದೆ ಅಂತಲೇ ತಿಳಿಯದು. ಕೆಲವರು ಉಲ್ಟಾ. ದಿನಕ್ಕೆ ಹತ್ತು ಸಲ 'ನಾನು ನಿನಗೆ ಬೇಜಾರಾಗಿದ್ದೀನಿ ಅಲ್ವಾ?' ಅಂತ ಕೇಳುತ್ತಾರೆ. ಇಲ್ಲ ಅಂದರೂ ನಂಬುವುದಿಲ್ಲ. ಕೇಳಿಸಿಕೊಳ್ಳುವವರೂ ಒಂದು ದಿನ ಸುಸ್ತಾಗುತ್ತಾರೆ. ಆಗ 'ನೋಡು, ನಾನು ಹೇಳಲಿಲ್ವಾ' ಅನ್ನಲು ಕಾರಣ ಸಿಕ್ಕಂತಾಯಿತು.

ಇದಕ್ಕೆಲ್ಲ ಮಕ್ಕಳನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಟೆಸ್ಟ್ ಪೇಪರನ್ನು ಮಾರ್ಕ್ಸ್ ಇಳಿಯುವ ಸಾಲಿನಲ್ಲಿ ಹೆಸರು ಕೂಗಿ ಹಂಚುವವರು ಯಾರು? ರ‍್ಯಾಂಕ್ ನೋಡಿ ಸೆಕ್ಷನ್ ಬದಲಿಸುವವರು ಯಾರು? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಮಾರ್ಕ್ಸಿನ ಮೇಲೆ ಬ್ಯಾಚ್ ವಿಂಗಡಿಸುವುದನ್ನು, ಎಲ್ಲರೆದುರು ಅವಮಾನ ಮಾಡುವುದನ್ನು ಆದಷ್ಟು ಬಿಡಬೇಕು ಎಂದಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಆಪ್ತಸಮಾಲೋಚಕರು ಇರಲೇಬೇಕು ಎಂದೂ ಹೇಳಿತು. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಅಂಥವರು ಇದ್ದಾರಾ? ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಬಿಟ್ಟು ಇದನ್ನೂ ಒಮ್ಮೆ ಕೇಳಿ.

ವಿದ್ಯಾರ್ಥಿಗಳಿಗೆ ಒಂದು ಮಾತು. 'ನಿನಗೆ ಬಂದಿದ್ದು ಖುಷಿ ಕಣೇ, ಆದ್ರೆ ನನಗೆ ಬೇಜಾರಾಗಿದೆ. ಎರಡು ದಿನ ಬಿಟ್ಟು ಮಾತಾಡ್ತೀನಿ' ಅಂತ ಹೇಳಿ ನೋಡಿ. ಬಾಯಿಬಿಟ್ಟು ಹೇಳಿದ ಹೊಟ್ಟೆಕಿಚ್ಚಿಗೆ ಅಷ್ಟು ಖಾರ ಇರುವುದಿಲ್ಲ. ಎಲ್ಲ ಗೆಳೆಯರಿಗೂ ಇದನ್ನು ತಡೆದುಕೊಳ್ಳುವ ಮನಸ್ಸು ಇರುವುದಿಲ್ಲ, ಅದೂ ನಿಜ. ನಿಮ್ಮ ಸೋಲನ್ನೇ ಆಡಿಕೊಳ್ಳುವವರಿಂದ ದೂರ ಇದ್ದರೆ ನಷ್ಟವಿಲ್ಲ.

ಆದರೆ ನಿದ್ದೆ ಕೆಟ್ಟು, ಊಟ ಬೇಡವಾಗಿ, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಎಂಬ ಮಾತು ಎರಡು ವಾರ ಕಳೆದರೂ ಬಿಡದಿದ್ದರೆ ಗೆಳತಿಯ ಸಮಾಧಾನ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಎರಡು ವಾರ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, ಆಗಲೇ ಫೋನ್ ಮಾಡಿ. ಅಪ್ಪ ಅಮ್ಮ, ಮೇಷ್ಟ್ರು, ರೂಮ್‌ಮೇಟ್ ಯಾರು ಬೇಕಾದರೂ ಮಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.